ನ್ಯುಮೋನಿಯಾ: ಲಕ್ಷಣ, ಚಿಕಿತ್ಸೆ ಮತ್ತು ಉಸಿರಿನ ಎಣಿಕೆ

ಕೆಮ್ಮು ನೆಗಡಿಗಳನ್ನು ನಮ್ಮ ಜನ ರೋಗವೆಂದು ಲೆಕ್ಕಕ್ಕೆ ಹಿಡಿಯುವುದೇ ಕಡಮೆ. ಮಾಗಿಯ ಚಳಿ ಬಿದ್ದು, ಕಣದಲ್ಲಿ ರಾಗಿಯ ಒಕ್ಕಣೆ ಮೊದಲಾಯಿತೆಂದರೆ ಮನೆಗೊಬ್ಬರಾದರೂ ಕೆಮ್ಮುವವರು ಇದ್ದೇ ಇರುತ್ತಾರೆ. ಶುಂಠಿಯ ಕಷಾಯವಾಯಿತು, ಮೆಣಸಿನ ಸಾರಾಯಿತು, ನಾಲ್ಕಾರು ದಿನಗಳಲ್ಲಿ ಗುಣವೂ ಆಯಿತು. ಇಂಥ ಕೆಮ್ಮುಗಳಲ್ಲಿ ಬಹುಪಾಲು ವೈರಸ್ಸುಗಳಿಂದ ಬಂದು ತಾವಾಗಿಯೇ ಹೋಗತಕ್ಕವು; ಅದರ ಕೀರ್ತಿ ಕಷಾಯಕ್ಕೆ ಸಂದರೆ ಸಲ್ಲಲಿ, ಯಾರಿಗೂ ನಷ್ಟವಿಲ್ಲ. ಆದರೆ ಇದೇ ಕೆಮ್ಮಿನ ವೇಷದಲ್ಲಿ ಮನೆಯೊಳಕ್ಕೆ ಬರುವ ಮತ್ತೊಂದು ರೋಗವುಂಟು. ಅದು ಗಂಟಲಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಇಳಿದು, ಗಾಳಿ ಇರಬೇಕಾದ ಕಡೆ ನೀರನ್ನೂ ಕೀವನ್ನೂ ತುಂಬುತ್ತದೆ. ಅದೇ ನ್ಯುಮೋನಿಯಾ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ಐದು ವರ್ಷ ತುಂಬದ ಸುಮಾರು 7 ಲಕ್ಷ 40 ಸಾವಿರ ಮಕ್ಕಳು ಈ ರೋಗಕ್ಕೆ ತುತ್ತಾದರು. ವೈರಸ್ಸಿನಿಂದ ಬರುವ ನ್ಯುಮೋನಿಯಾ ಕೂಡ ಇದೆ. ನಾನಿಲ್ಲಿ ಮುಖ್ಯವಾಗಿ ಹೇಳಹೊರಟಿರುವುದು ಬ್ಯಾಕ್ಟೀರಿಯಾಗಳಿಂದ ಬರುವುದನ್ನು ಕುರಿತು, ಏಕೆಂದರೆ ಔಷಧಕ್ಕೆ ಬಗ್ಗತಕ್ಕದ್ದು ಅದು.

ನಾನು ಓದುತ್ತಿರುವುದು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡ. ವೈದ್ಯಶಾಸ್ತ್ರದ ವಿಷಯ ಬರೆಯಲು ಇವಳಿಗೇನು ಅಧಿಕಾರ ಎಂದು ವಾಚಕರು ಕೇಳಿದರೆ ಅದು ನ್ಯಾಯವೇ ಸರಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ವೈದ್ಯರಾಗಲಿ ದಾದಿಯರಾಗಲಿ ನಮ್ಮ ನಂಟರಲ್ಲಿ ಒಬ್ಬರೂ ಇಲ್ಲ. ಆದರೆ ನನ್ನ ತಾಯಿ ಹತ್ತನೆಯ ತರಗತಿಯವರೆಗೆ ಓದಿ ನಮ್ಮೂರಿನ ಆಶಾ ಕಾರ್ಯಕರ್ತೆಯಾಗಿದ್ದಾರೆ. ತರಬೇತಿಯಲ್ಲಿ ಅವರಿಗೆ ಕೊಟ್ಟ ಪುಸ್ತಕಗಳನ್ನು ರಾತ್ರಿಯ ಹೊತ್ತು ಇಬ್ಬರೂ ಕೂಡಿ ಓದುವುದು ನಮ್ಮ ಮನೆಯ ಪದ್ಧತಿ. ಅಲ್ಲಿ ತಿಳಿಯದುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಲ್ಲಿ ಕೇಳಿ, ಅವರು ಸೂಚಿಸಿದ್ದನ್ನು ಪುಸ್ತಕ ಭಂಡಾರದಲ್ಲಿ ಹುಡುಕಿ, ಹೀಗೆ ಎರಡು ವರ್ಷಗಳಲ್ಲಿ ಕೂಡಿಬಂದ ತಿಳುವಳಿಕೆ ಇದು. ಯಾರಿಗೆ ಯಾವ ಔಷಧ, ಎಷ್ಟು ಪ್ರಮಾಣ ಎಂಬುದು ವೈದ್ಯರ ಕೆಲಸ. ಅದಕ್ಕೆ ನಾನು ಕೈಹಾಕುವುದಿಲ್ಲ. ಆದರೆ ರೋಗಿಯನ್ನು ವೈದ್ಯರ ಬಳಿಗೆ ಯಾವಾಗ ಕರೆದೊಯ್ಯಬೇಕೆಂಬುದನ್ನು ಗೊತ್ತುಮಾಡುವವರು ಮನೆಯವರು. ಈ ರೋಗದಲ್ಲಿ ಅರ್ಧ ಚಿಕಿತ್ಸೆ ಅಲ್ಲಿಯೇ ಇದೆ.

ನಮ್ಮ ಎದೆಗೂಡಿನೊಳಗೆ ಶ್ವಾಸಕೋಶಗಳು ಎರಡು. ಬಲಗಡೆಯದಕ್ಕೆ ಮೂರು ಹಾಲೆಗಳು. ಎಡಗಡೆಯದು ಹೃದಯಕ್ಕೆ ಎಡೆಗೊಡಬೇಕಾದ್ದರಿಂದ ಅದಕ್ಕೆ ಎರಡೇ. ಶ್ವಾಸನಾಳವು ತಲೆಕೆಳಗಾದ ಮರದಂತೆ ಕವಲು ಕವಲಾಗಿ ಒಡೆಯುತ್ತ ಹೋಗಿ, ಕಟ್ಟಕಡೆಯ ಕವಲುಗಳ ತುದಿಯಲ್ಲಿ ದ್ರಾಕ್ಷಿಯ ಗೊಂಚಲಿನಂತಹ ಗಾಳಿಗೂಡುಗಳಾಗುತ್ತವೆ. ಬೆಳೆದ ಮನುಷ್ಯನಲ್ಲಿ ಇವು ಹತ್ತಾರು ಕೋಟಿ. ಗೂಡಿನ ಗೋಡೆ ಬಹಳ ತೆಳು. ಆ ಗೋಡೆಯ ಆಚೆ ಕೂದಲಿಗಿಂತಲೂ ಸಣ್ಣ ನಾಳಗಳಲ್ಲಿ ರಕ್ತ ಹರಿಯುತ್ತದೆ. ಆಮ್ಲಜನಕವು ಈಚೆಯಿಂದ ಆಚೆಗೂ ಇಂಗಾಲಾಮ್ಲವು ಆಚೆಯಿಂದ ಈಚೆಗೂ ದಾಟುವುದು ಇಲ್ಲಿಯೇ. ಈ ಗೂಡುಗಳಲ್ಲಿ ಒಂದು ಹಾಲೆಯಷ್ಟು ಮುಚ್ಚಿಹೋದರೆ ಮಿಕ್ಕವು ಹೆಚ್ಚು ದುಡಿಯಬೇಕಾಗುತ್ತದೆಂಬುದು ಹೇಳದೆಯೇ ತಿಳಿಯುವ ಮಾತು.

ಹೀಗೆ ಮುಚ್ಚುವ ರೋಗಾಣುಗಳಲ್ಲಿ ಮುಖ್ಯವಾದುದು ನ್ಯುಮೊಕಾಕಸ್. 1881ರಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಸ್ಚರ್, ಅಮೆರಿಕದಲ್ಲಿ ಜಾರ್ಜ್ ಸ್ಟರ್ನ್‌ಬರ್ಗ್ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಇದನ್ನು ಕಂಡುಕೊಂಡರು. ಪಾಸ್ಚರರಿಗೆ ಅದು ದೊರೆತುದು ಹುಚ್ಚುನಾಯಿ ರೋಗದಿಂದ ಸತ್ತ ಮಗುವೊಂದರ ಎಂಜಲಿನಲ್ಲಿ. ಸ್ಟರ್ನ್‌ಬರ್ಗ್ ಅದನ್ನು ಕಂಡದ್ದು ತಮ್ಮ ಸ್ವಂತ ಎಂಜಲಿನಲ್ಲಿ! ಅವರಿಗೆ ಯಾವ ರೋಗವೂ ಇರಲಿಲ್ಲ. ಈ ಸಂಗತಿ ನನಗೆ ಬಹಳ ಅರ್ಥವತ್ತಾಗಿ ತೋರಿತು. ಅಂದರೆ ಈ ಜೀವಿ ಎಲ್ಲಿಂದಲೋ ಗಾಳಿಯಲ್ಲಿ ಬಂದು ಬಡಿಯುವ ಶತ್ರುವಷ್ಟೇ ಅಲ್ಲ. ಅನೇಕ ಆರೋಗ್ಯವಂತರ, ಅದರಲ್ಲಿಯೂ ಮಕ್ಕಳ, ಮೂಗು ಗಂಟಲುಗಳಲ್ಲಿ ಸುಮ್ಮನೆ ಬೀಡುಬಿಟ್ಟಿರುತ್ತದೆ. ಫ್ಲೂ ಜ್ವರವೋ ದಡಾರವೋ ಬಂದು ಒಳಗಿನ ಕಾವಲು ಸಡಿಲವಾದಾಗ, ಅಥವಾ ಮುಪ್ಪು, ಮಧುಮೇಹ, ಕುಡಿತ, ಬೀಡಿ, ಪೋಷಣೆಯ ಕೊರತೆ ಇವುಗಳಿಂದ ಮೈ ಸೋತಾಗ ಕೆಳಕ್ಕೆ ಇಳಿಯುತ್ತದೆ. 1918ರ ಇನ್‌ಫ್ಲುಯೆಂಜಾದಲ್ಲಿ ನಮ್ಮ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನ ಸತ್ತರೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು. ಆ ಪಿಡುಗಿನಲ್ಲಿ ಸತ್ತು ಅಮೆರಿಕದಲ್ಲಿ ಕಾಪಿಟ್ಟಿದ್ದವರ ಶ್ವಾಸಕೋಶದ ಚೂರುಗಳನ್ನು 2008ರಲ್ಲಿ ಮತ್ತೆ ಪರೀಕ್ಷಿಸಿದಾಗ, ಫ್ಲೂ ಬಾಗಿಲು ತೆರೆದು ಬ್ಯಾಕ್ಟೀರಿಯಾದ ನ್ಯುಮೋನಿಯಾ ಒಳಹೊಕ್ಕು ಕೊಂದದ್ದೇ ಹೆಚ್ಚೆಂದು ಕಂಡುಬಂತು.

ಒಳಗೆ ನಡೆಯುವುದೇನೆಂದರೆ, ಮೊದಲ ದಿನ ಆ ಭಾಗಕ್ಕೆ ರಕ್ತ ನುಗ್ಗಿ ಗೂಡುಗಳಲ್ಲಿ ನೀರು ಒಸರುತ್ತದೆ. ಎರಡು ಮೂರು ದಿನಗಳಲ್ಲಿ ಆ ನೀರು ರಕ್ತಕಣಗಳೊಡನೆ ಹೆಪ್ಪುಗಟ್ಟಿ, ಸ್ಪಂಜಿನಂತಿದ್ದ ಹಾಲೆ ಕೆಂಪಗೆ ಗಟ್ಟಿಯಾಗುತ್ತದೆ. ಹಬ್ಬದ ದಿನ ಕುರಿಯ ಒಳಭಾಗಗಳನ್ನು ತೊಳೆಯುವುದನ್ನು ನೋಡಿದವರು ಬಲ್ಲರು: ಪುಪ್ಪುಸವನ್ನು ನೀರಿಗೆ ಹಾಕಿದರೆ ತೇಲುತ್ತದೆ, ಈಲಿ ಮುಳುಗುತ್ತದೆ. ನ್ಯುಮೋನಿಯಾ ಹಿಡಿದ ಹಾಲೆ ಈಲಿಯಂತೆ ಮುಳುಗುತ್ತದೆ. ಹಳೆಯ ವೈದ್ಯರು ಈ ಅವಸ್ಥೆಗೆ ಈಲಿಯ ಹೆಸರನ್ನೇ ಇಟ್ಟಿದ್ದಾರೆ. ಅನಂತರ ಬಿಳಿಯ ರಕ್ತಕಣಗಳು ಮುತ್ತಿ ಬಣ್ಣ ಬೂದಿಯಾಗುತ್ತದೆ; ಕಡೆಗೆ, ರೋಗಿ ಉಳಿಯುವುದಾದರೆ, ಎಲ್ಲವೂ ಕರಗಿ ಹಾಲೆ ಮೊದಲಿನಂತೆ ತೆರೆದುಕೊಳ್ಳುತ್ತದೆ. ಇಷ್ಟು ಗಟ್ಟಿಯಾದ ಅಂಗ ಸಾಧಾರಣವಾಗಿ ಕಲೆಯಿಲ್ಲದೆ ಮೊದಲಿನ ಸ್ಥಿತಿಗೆ ಬರುವುದು ಈ ರೋಗದ ಒಂದು ಬೆರಗು.

ಇನ್ನು ಹೊರಗಿನ ಲಕ್ಷಣಗಳು. ಬೆಳೆದವರಲ್ಲಿ ಈ ರೋಗ ಹಠಾತ್ತಾಗಿ ಬರುವುದುಂಟು. ಬೆಳಗ್ಗೆ ಹೊಲಕ್ಕೆ ಹೋದವನು ಮಧ್ಯಾಹ್ನ ಕಂಬಳಿಯ ಮೇಲೆ ಕಂಬಳಿ ಹೊದಿಸಿದರೂ ನಿಲ್ಲದ ನಡುಕದಿಂದ ಮಲಗುತ್ತಾನೆ. ಜ್ವರ ಏರುತ್ತದೆ. ಪಕ್ಕೆಯಲ್ಲಿ ಚೂರಿಯಿಂದ ಇರಿದಂತೆ ನೋವು; ಉಸಿರೆಳೆದಾಗಲೂ ಕೆಮ್ಮಿದಾಗಲೂ ಅದು ಹೆಚ್ಚುವುದರಿಂದ ರೋಗಿ ಪಕ್ಕೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಂಡು ಗುಟುಕು ಗುಟುಕಾಗಿ ಉಸಿರಾಡುತ್ತಾನೆ. ಕಫದಲ್ಲಿ ಕಬ್ಬಿಣದ ತುಕ್ಕಿನ ಬಣ್ಣ ಕಾಣಬಹುದು. ರಕ್ತ ಕೊಳೆತು ಬಂದ ಬಣ್ಣವದು. ತುಟಿಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಜ್ವರ ತಲೆಗೇರಿದಂತೆ ಬಡಬಡಿಸುತ್ತಾನೆ. ನಮ್ಮ ಹಿರಿಯರು ಸನ್ನಿ ಎಂದು ಹೇಳಿ ಹೆದರುತ್ತಿದ್ದ ಜ್ವರಗಳಲ್ಲಿ ಇದೂ ಒಂದಾಗಿದ್ದಿರಬೇಕೆಂದು ನನ್ನ ಊಹೆ.

ವೈದ್ಯರು ರೋಗಿಯ ಬೆನ್ನನ್ನು ಬೆರಳಿನಿಂದ ತಟ್ಟುವುದನ್ನು ನಾವೆಲ್ಲರೂ ನೋಡಿದ್ದೇವೆ. ಈ ಉಪಾಯವನ್ನು 1761ರಲ್ಲಿ ವಿಯೆನ್ನಾದ ಆವೆನ್‌ಬ್ರುಗರ್ ಎಂಬ ವೈದ್ಯನು ಪ್ರಕಟಿಸಿದನು. ಅವನ ತಂದೆ ಹೋಟಲು ನಡೆಸುತ್ತಿದ್ದವನು; ಮದ್ಯದ ಪೀಪಾಯಿಗಳನ್ನು ತಟ್ಟಿ ಒಳಗೆ ಎಷ್ಟಿದೆಯೆಂದು ತಿಳಿಯುವುದನ್ನು ನೋಡಿ ಹುಡುಗ ಕಲಿತನೆಂದು ಹೇಳುತ್ತಾರೆ. ಗಾಳಿ ತುಂಬಿದ ಎದೆ ಬರಿಯ ವಾಡೆಯಂತೆ ಟೊಳ್ಳಾಗಿ ದನಿಗೊಡುತ್ತದೆ, ನ್ಯುಮೋನಿಯಾ ಹಿಡಿದ ಭಾಗ ರಾಗಿ ತುಂಬಿದ ವಾಡೆಯಂತೆ ಮಂದವಾಗಿ. ಐವತ್ತೈದು ವರ್ಷಗಳ ಮೇಲೆ, 1816ರಲ್ಲಿ, ಪ್ಯಾರಿಸ್ಸಿನ ಲೆನೆಕ್ ಒಂದು ಕಾಗದದ ಸುರುಳಿಯನ್ನು ರೋಗಿಯ ಎದೆಗಿಟ್ಟು ಕಿವಿಗೊಟ್ಟನು. ಅದೇ ಇಂದಿನ ಸ್ಟೆತೊಸ್ಕೋಪಿನ ಮೂಲ. ರೋಗದ ಜಾಗದಲ್ಲಿ ಕೂದಲನ್ನು ಕಿವಿಯ ಬಳಿ ಹೊಸೆದಂತೆ ಪಟಪಟನೆಯ ಸದ್ದು ಕೇಳಿಸುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ಅದೇ ಜಾಗ ಬೆಳ್ಳಗೆ ಕಾಣುತ್ತದೆ. ಕಫವನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ನೋಡುವ ಕ್ರಮವೂ ಈ ರೋಗದ ಸಂಬಂಧವಾಗಿಯೇ ಹುಟ್ಟಿದ್ದು. 1884ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್ನಿನಲ್ಲಿ, ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಚೂರುಗಳಲ್ಲಿ ರೋಗಾಣುಗಳನ್ನು ಎತ್ತಿ ತೋರಿಸಲು ಹೋಗಿ ಈ ಬಣ್ಣಗಾರಿಕೆಯನ್ನು ಕಂಡುಹಿಡಿದನು.

ಇವೆಲ್ಲ ಸರಿಯೇ. ಆದರೆ ತಟ್ಟುವ ಬೆರಳಿಗೆ ಅಭ್ಯಾಸ ಬೇಕು, ಕೇಳುವ ಕಿವಿಗೆ ವರ್ಷಗಳ ಪಳಗಿಕೆ ಬೇಕು, ಕ್ಷ-ಕಿರಣಕ್ಕೆ ಯಂತ್ರ ಬೇಕು. ನಮ್ಮೂರಿನಿಂದ ಅದು ಇಪ್ಪತ್ತೆರಡು ಮೈಲಿ ದೂರ. ಸಂಜೆ ಐದರ ಬಸ್ಸು ಹೋದಮೇಲೆ ಮರುದಿನ ಬೆಳಗಿನವರೆಗೆ ಮತ್ತೊಂದಿಲ್ಲ. ಯಾವ ಯಂತ್ರವೂ ಇಲ್ಲದ ಇಂಥ ಊರಿನಲ್ಲಿ, ಕೆಮ್ಮುವ ಹತ್ತು ಮಕ್ಕಳಲ್ಲಿ ನ್ಯುಮೋನಿಯಾ ಯಾವುದಕ್ಕೆ ಎಂದು ಹೇಳುವ ಬಗೆ ಹೇಗೆ?

ಇದಕ್ಕೆ ಉತ್ತರ ದೊರೆತುದು ದೊಡ್ಡ ಪಟ್ಟಣಗಳ ಆಸ್ಪತ್ರೆಗಳಲ್ಲಲ್ಲ. ಪಾಪುವಾ ನ್ಯೂಗಿನಿ ಎಂಬ ಗುಡ್ಡಗಾಡಿನ ದೇಶದಲ್ಲಿ ಕೆಲಸಮಾಡುತ್ತಿದ್ದ ಫ್ರ್ಯಾಂಕ್ ಶ್ಯಾನ್ ಮತ್ತು ಅವರ ಜೊತೆಗಾರರು ಕೆಮ್ಮಿನ ಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಪರೀಕ್ಷಿಸಿ, 1984ರಲ್ಲಿ ಒಂದು ಸರಳವಾದ ಮಾತನ್ನು ಹೇಳಿದರು: ಉಸಿರನ್ನು ಎಣಿಸಿರಿ. ಕೂಸು ನಿಮಿಷಕ್ಕೆ ಐವತ್ತು ಸಲಕ್ಕಿಂತ ಹೆಚ್ಚಾಗಿ ಉಸಿರಾಡುತ್ತಿದ್ದರೆ ರೋಗ ಎದೆಗೆ ಇಳಿದಿದೆಯೆಂದು ತಿಳಿಯಬೇಕು. 1988ರಲ್ಲಿ ನಮ್ಮ ನೆರೆಯ ವೆಲ್ಲೂರಿನ ವೈದ್ಯರು ಇದನ್ನು ಒರೆಗೆ ಹಚ್ಚಿ, ವರ್ಷ ತುಂಬಿದ ಮಕ್ಕಳಲ್ಲಿ ಆ ಗಡಿಯನ್ನು ನಲವತ್ತಕ್ಕೆ ಇಳಿಸಬೇಕೆಂದು ತೋರಿಸಿದರು. ಇಂದು ಜಗತ್ತಿನೆಲ್ಲೆಡೆ ನಡೆಯುವ ಲೆಕ್ಕ ಹೀಗಿದೆ: ಎರಡು ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿನಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಎಣಿಕೆ ಈ ಅಂಕಿಯನ್ನು ಮುಟ್ಟಿದರೆ ಅಥವಾ ಮೀರಿದರೆ ಅದು ಬರಿಯ ಕೆಮ್ಮಲ್ಲ.

ಉಸಿರು ಏಕೆ ವೇಗವಾಗುತ್ತದೆ? ಗಟ್ಟಿಯಾದ ಶ್ವಾಸಕೋಶ ಹೊಸ ತಿದಿಯಂತೆ ಸುಲಭವಾಗಿ ಹಿಗ್ಗುವುದಿಲ್ಲ. ಒಂದೊಂದು ಉಸಿರಿಗೂ ಬರುವ ಗಾಳಿ ಕಡಮೆ. ಆದ್ದರಿಂದ ಮೈ ಉಸಿರಿನ ಸಂಖ್ಯೆಯನ್ನು ಹೆಚ್ಚಿಸಿ ಲೆಕ್ಕ ಸರಿದೂಗಿಸುತ್ತದೆ. ಅದೂ ಸಾಲದಾದಾಗ ಮಗು ಉಸಿರೆಳೆದಂತೆಲ್ಲ ಪಕ್ಕೆಯ ಕೆಳಭಾಗ ಹೊರಕ್ಕೆ ಉಬ್ಬುವ ಬದಲು ಒಳಕ್ಕೆ ಸೇದುತ್ತದೆ. ಪಕ್ಕೆ ಸೆಳೆತವೆಂದರೆ ಇದೇ. ಮೂಗಿನ ಹೊಳ್ಳೆಗಳು ಅರಳುತ್ತವೆ. ಮಗು ಮೊಲೆ ಬಿಟ್ಟಿತೆಂದರೆ, ಕುಡಿದದ್ದನ್ನೆಲ್ಲ ಕಕ್ಕಿತೆಂದರೆ, ಎಬ್ಬಿಸಿದರೂ ಏಳದಂತೆ ಮಂಕಾಯಿತೆಂದರೆ, ಫಿಟ್ಸ್ ಬಂತೆಂದರೆ ಮತ್ತೆ ಎಣಿಸುತ್ತ ಕೂರುವ ಕಾಲ ಅದಲ್ಲ, ಗಾಡಿ ಕಟ್ಟುವ ಕಾಲ.

ಎಣಿಸುವುದಕ್ಕೂ ಒಂದು ಕ್ರಮವುಂಟು. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ತಾಯಿಯ ಮಡಿಲಲ್ಲೇ ಇರಲಿ. ಅಂಗಿ ಮೇಲೆತ್ತಿ ಹೊಟ್ಟೆಯ ಏರಿಳಿತವನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ಸಲ್ಲದು. ಕೂಸುಗಳ ಉಸಿರು ಒಂದೇ ಸಮನಾಗಿರುವುದಿಲ್ಲ. ಕೊಂಚ ನಿಂತು, ಕೊಂಚ ಓಡಿ ನಡೆಯುತ್ತದೆ. ಎರಡು ಉಸಿರು ತಪ್ಪಿದರೆ ಗುಣಿಸಿದಾಗ ಎಂಟು ತಪ್ಪಿದಂತಾಯಿತು.

ಓದು ಬಾರದವರು ಐವತ್ತರವರೆಗೆ ಎಣಿಸುವುದು ಹೇಗೆಂಬ ಪ್ರಶ್ನೆಗೆ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಕೆಲಸಮಾಡುವ ಡಾಕ್ಟರ್ ಅಭಯ್ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು ಕೊಟ್ಟ ಉತ್ತರ ನನಗೆ ಈ ಇಡೀ ಕಥೆಯಲ್ಲಿ ಬಹಳ ಮೆಚ್ಚುಗೆಯಾದುದು. ಅದು ಕಾಡಿನ ಜಿಲ್ಲೆ. ಅಲ್ಲಿನ ಸೂಲಗಿತ್ತಿಯರಲ್ಲಿ ಅನೇಕರು ಹತ್ತು ಹನ್ನೆರಡರ ಮೇಲೆ ಎಣಿಸಲಾರರು. ಬಂಗ್ ದಂಪತಿಗಳು ಒಂದು ನಿಮಿಷದ ಮರಳು ಗಡಿಯಾರವನ್ನೂ ಮಣಿಗಳ ಸಾಲನ್ನೂ ಒಂದೇ ಚೌಕಟ್ಟಿನಲ್ಲಿ ಜೋಡಿಸಿದರು. ಮರಳು ಸುರಿಯಲು ಬಿಟ್ಟು, ಹತ್ತು ಉಸಿರಿಗೆ ಒಂದು ಮಣಿ ಸರಿಸುತ್ತ ಹೋಗಬೇಕು. ಮರಳು ಮುಗಿಯುವ ಮೊದಲೇ ಕೆಂಪು ಮಣಿ ಸರಿಯಿತೆಂದರೆ ಮಗುವಿಗೆ ನ್ಯುಮೋನಿಯಾ. ಹೀಗೆ ಗುರುತಿಸಿದ ಮಕ್ಕಳಿಗೆ ಊರಿನ ಆರೋಗ್ಯ ಕಾರ್ಯಕರ್ತರು ಮತ್ತು ಸೂಲಗಿತ್ತಿಯರೇ ಔಷಧ ಕೊಟ್ಟರು. 1990ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಇದರ ಫಲ ಪ್ರಕಟವಾಯಿತು. ಇವರು ಚಿಕಿತ್ಸೆ ಮಾಡಿದ 612 ಮಕ್ಕಳಲ್ಲಿ ಸತ್ತವರು ನೂರಕ್ಕೆ ಒಬ್ಬರಿಗಿಂತ ಕಡಮೆ, 0.8, ಈ ಏರ್ಪಾಡಿಲ್ಲದ ಹಳ್ಳಿಗಳಲ್ಲಿ ನೂರಕ್ಕೆ 13.5. ಪುಸ್ತಕ ಓದಲಾರದವರ ಕೈಯಿಂದ ಆದ ಕೆಲಸವಿದು. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಮಾನವ ಬಂಡವಾಳವೆಂದು ಪುಟಗಟ್ಟಲೆ ಬರೆಯುತ್ತೇವಲ್ಲ, ಆಗೆಲ್ಲ ನನಗೆ ಈ ಮಣಿಸಾಲಿನ ನೆನಪು ಬರುತ್ತದೆ.

ಮಕ್ಕಳ ಮಾತಾಯಿತು, ಮುದುಕರಲ್ಲಿ ಈ ರೋಗದ ಮುಖವೇ ಬೇರೆ. ಅವರಿಗೆ ಜ್ವರ ಬಾರದೆಯೂ ಇರಬಹುದು, ಕೆಮ್ಮು ಹೆಸರಿಗೆ ಮಾತ್ರ ಇರಬಹುದು. ಊಟ ಬಿಡುವುದು, ಏಳಲಾರದೆ ಬೀಳುವುದು, ಮಾತು ತಪ್ಪುವುದು ಇಷ್ಟೇ ಕಾಣುತ್ತದೆ. ಎರಡು ವರ್ಷಗಳ ಹಿಂದೆ ಸಂಕ್ರಾಂತಿ ಕಳೆದ ವಾರದಲ್ಲಿ ನಮ್ಮ ತಾತ, ಎಪ್ಪತ್ತನಾಲ್ಕು ವರ್ಷದವರು, ಎಂದೋ ಸತ್ತ ನಮ್ಮ ಎತ್ತಿನ ಹೆಸರು ಹಿಡಿದು ನೀರು ಕುಡಿಸಬೇಕೆಂದು ಎದ್ದು ಹೊರಟರು. ಮೈ ಮುಟ್ಟಿದರೆ ತಣ್ಣಗಿತ್ತು. ನೆರೆಮನೆಯ ಅಜ್ಜಿ ಬಂದು ನೋಡಿ, “ವಯಸ್ಸಾಯ್ತಲ್ಲವ್ವಾ, ಅರುಳು ಮರುಳು. ಬಾಯಿಗೆ ಎರಡು ಹನಿ ಹಾಲು ಬುಡಿ, ಮಕ್ಕಳನ್ನ ಕರೆಸಿ” ಎಂದರು. ಮನೆಯ ಗಂಡಸರೂ ಅದಕ್ಕೆ ತಲೆದೂಗಿದರು. ಅಮ್ಮ ಮಾತ್ರ ಮಾತಾಡದೆ ತಮ್ಮ ಚೀಲದಿಂದ ಗಡಿಯಾರವನ್ನು ತೆಗೆದು ತಾತನ ಪಕ್ಕದಲ್ಲಿ ಕುಳಿತರು. ಅದು ಕೂಸುಗಳಿಗೆಂದು ಕೊಟ್ಟ ಗಡಿಯಾರ. ಸೊಸೆ ಮಾವನ ಎದೆಯನ್ನು ನೋಡುತ್ತ ಕೂರುವುದು ನಮ್ಮ ಕಡೆ ಮರ್ಯಾದೆಯಲ್ಲ. ಅಜ್ಜಿ ಮುಖ ತಿರುಗಿಸಿಕೊಂಡರು. ಮೂವತ್ತನಾಲ್ಕು ಬಂತು. ಸುಮ್ಮನಿರುವ ಬೆಳೆದ ಮನುಷ್ಯನ ಉಸಿರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು. “ಇದು ಮುಪ್ಪಲ್ಲ, ರೋಗ. ಗಾಡಿ ತರಿಸಿ” ಎಂದರು ಅಮ್ಮ. ತಾಲ್ಲೂಕು ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಯಂತ್ರ ಆಮ್ಲಜನಕವನ್ನು 86 ಎಂದು ತೋರಿಸಿತು. ಬಲಗಡೆಯ ಕೆಳಹಾಲೆ ಪೂರ್ತಿ ಬೆಳ್ಳಗಿತ್ತು. ಮೂರನೆಯ ದಿನ ತಾತ ನನ್ನನ್ನು ಗುರುತಿಸಿ, ಪರೀಕ್ಷೆ ಯಾವಾಗ ಎಂದು ಕೇಳಿದರು.

ಅಲ್ಲಿನ ವೈದ್ಯರು ಆ ರಾತ್ರಿ ಬರೆದುಕೊಂಡ ಲೆಕ್ಕವನ್ನು ಅನಂತರ ನಾನು ಪುಸ್ತಕದಲ್ಲಿ ಕಂಡೆನು. 2003ರಲ್ಲಿ ಗೊತ್ತುಮಾಡಿದ ಐದು ಪ್ರಶ್ನೆಗಳವು. ಬುದ್ಧಿ ತಪ್ಪಿದೆಯೆ? ರಕ್ತದಲ್ಲಿ ಯೂರಿಯಾ ಏರಿದೆಯೆ? ಉಸಿರು 30 ಮುಟ್ಟಿದೆಯೆ? ರಕ್ತದ ಒತ್ತಡ ಇಳಿದಿದೆಯೆ? ವಯಸ್ಸು 65 ಆಗಿದೆಯೆ? ಒಂದೊಂದಕ್ಕೆ ಒಂದು ಅಂಕ. ಸೊನ್ನೆಯೋ ಒಂದೋ ಆದರೆ ಸಾಮಾನ್ಯವಾಗಿ ಮನೆಯಲ್ಲಿಯೇ ಔಷಧ, ಎರಡಾದರೆ ಆಸ್ಪತ್ರೆ, ಮೂರು ಮತ್ತು ಮೇಲ್ಪಟ್ಟರೆ ಪ್ರಾಣಕ್ಕೆ ಅಪಾಯ. ತಾತನಿಗೆ ರಕ್ತ ತೆಗೆಯುವ ಮೊದಲೇ ಮೂರಾಗಿತ್ತು. ಅಂಕ ಕಡಮೆ ಬಂದರೆ ಸಂತೋಷಪಡಬೇಕಾದ ಪರೀಕ್ಷೆಯೂ ಒಂದಿದೆಯಲ್ಲಾ ಎಂದು ನನಗೆ ಅನಿಸಿತು.

ಇನ್ನು ಚಿಕಿತ್ಸೆ. ಔಷಧವಿಲ್ಲದ ಕಾಲದಲ್ಲಿ ಮನೆಯವರು ದಿನ ಎಣಿಸುತ್ತ ಕೂರುತ್ತಿದ್ದರು. ಏಳನೆಯ ದಿನದಿಂದ ಹತ್ತನೆಯ ದಿನದೊಳಗೆ ಜ್ವರ ಒಂದೇ ಸಲಕ್ಕೆ ಬೆವರಾಗಿ ಇಳಿದರೆ ರೋಗಿ ಉಳಿದನು, ಇಲ್ಲವಾದರೆ ಇಲ್ಲ. 1938ರಲ್ಲಿ ಸಲ್ಫಾ ಜಾತಿಯ ಎಂ ಅಂಡ್ ಬಿ 693 ಎಂಬ ಗುಳಿಗೆ ಇಂಗ್ಲೆಂಡಿನಲ್ಲಿ ಬಂತು. 1943ರ ಡಿಸೆಂಬರಿನಲ್ಲಿ ಟ್ಯುನೀಸಿಯಾದಲ್ಲಿ ನ್ಯುಮೋನಿಯಾದಿಂದ ಮಲಗಿದ ಚರ್ಚಿಲ್ ಪೆನಿಸಿಲಿನ್ನಿನಿಂದ ಬದುಕಿದನೆಂದು ಹಲವರು ನಂಬಿದ್ದಾರೆ, ಆದರೆ ಅವನಿಗೆ ಕೊಟ್ಟದ್ದು ಈ ಸಲ್ಫಾವನ್ನೇ. ಪೆನಿಸಿಲಿನ್ನನ್ನು ಫ್ಲೆಮಿಂಗ್ 1928ರಲ್ಲಿ ಬೂಷ್ಟಿನಲ್ಲಿ ಕಂಡಿದ್ದರೂ, ಅದನ್ನು ರೋಗಿಗೆ ಕೊಡಬಹುದಾದ ಔಷಧವನ್ನಾಗಿ ಮಾಡಿದವರು 1940-41ರಲ್ಲಿ ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಅವರ ಸಂಗಡಿಗರು. ನಮ್ಮ ದೇಶದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ 1954ರಲ್ಲಿ ಸರ್ಕಾರದ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಸ್ಥಾಪನೆಯಾಗಿ, ಮರುವರ್ಷದಿಂದ ಪೆನಿಸಿಲಿನ್ ತಯಾರಾಗತೊಡಗಿತು.

ಈ ಔಷಧ ರೋಗಾಣುವಿನ ಹೊರಗೋಡೆಯನ್ನು ಕಟ್ಟಗೊಡಿಸುವುದಿಲ್ಲ. ಗೋಡೆಯಿಲ್ಲದ ಜೀವಿ ಒಡೆದುಹೋಗುತ್ತದೆ. ನಮ್ಮ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲವಾದ್ದರಿಂದ ನಮಗೆ ತೊಂದರೆಯಿಲ್ಲ, ಕೆಲವರಿಗೆ ಒಗ್ಗದೆ ಹೋಗುವುದೊಂದನ್ನು ಬಿಟ್ಟರೆ. ವೈರಸ್ಸಿಗೂ ಗೋಡೆಯಿಲ್ಲ, ಆದ್ದರಿಂದಲೇ ನೆಗಡಿಗೆ ಇದನ್ನು ನುಂಗುವುದು ದಂಡ. ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಕ್ಕೂ ಗೋಡೆಯಿಲ್ಲ; ಅದರ ನ್ಯುಮೋನಿಯಾಕ್ಕೆ ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಮುಂತಾದ ಬೇರೆ ಜಾತಿಯವು ಬೇಕು. ಇಂದಿಗೂ ಮಕ್ಕಳ ಸಾಧಾರಣ ನ್ಯುಮೋನಿಯಾಕ್ಕೆ ಮೊದಲ ಔಷಧ ಪೆನಿಸಿಲಿನ್ನಿನ ವಂಶದ ಅಮಾಕ್ಸಿಸಿಲಿನ್. ಉಸಿರು ವೇಗವಾಗಿದ್ದರೂ, ಪಕ್ಕೆ ಸೇದುತ್ತಿದ್ದರೂ, ಅಪಾಯದ ಬೇರೆ ಚಿಹ್ನೆಗಳಿಲ್ಲದಿದ್ದರೆ ಬಾಯಿಂದ ಕೊಡುವ ಅಮಾಕ್ಸಿಸಿಲಿನ್ ಸಾಕೆಂದು 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಎರಡು ತಿಂಗಳೊಳಗಿನ ಕೂಸಿನ ಮಾತು ಬೇರೆ; ಅದನ್ನು ಆಸ್ಪತ್ರೆಗೇ ಒಯ್ಯಬೇಕು. ರೋಗ ಬಲಿತ ದೊಡ್ಡವರಿಗೆ ಆಸ್ಪತ್ರೆಯಲ್ಲಿ ಸೆಫ್‌ಟ್ರಿಯಾಕ್ಸೋನ್‌ನಂಥ ಸೂಜಿಮದ್ದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಇಂಥವರಿಗೆ ಆಮ್ಲಜನಕವೂ ಔಷಧದಷ್ಟೇ ಮುಖ್ಯ. ಮೂರು ದಿನಗಳಾದರೂ ಜ್ವರ ಇಳಿಯದಿದ್ದರೆ ಶ್ವಾಸಕೋಶದ ಹೊದಿಕೆಗಳ ನಡುವೆ ಕೀವು ನಿಂತಿದೆಯೇ ಎಂದು ನೋಡಬೇಕು. ನಿಂತ ಕೀವಿಗೆ ಮಾತ್ರೆ ಸಾಲದು, ಕೊಳವೆ ಇಟ್ಟು ಹೊರಕ್ಕೆ ತೆಗೆಯಬೇಕು. ಇನ್ನೊಂದು ಎಚ್ಚರಿಕೆ: ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯಾಗಲೇಬೇಕು. ಕೆಲವು ಮಾತ್ರೆಗಳು ಕ್ಷಯವನ್ನು ವಾಸಿಮಾಡದೆ ಕೆಲವು ದಿನ ಮರೆಮಾಡಿಬಿಡುತ್ತವೆ.

ಔಷಧವಿದ್ದಮೇಲೆ ಎಣಿಕೆಯ ಗೋಜೇಕೆ ಎಂದು ಕೇಳಬಹುದು. 1964ರಲ್ಲಿ ಅಮೆರಿಕದ ರಾಬರ್ಟ್ ಆಸ್ಟ್ರಿಯನ್ ಮತ್ತು ಜೆರೋಮ್ ಗೋಲ್ಡ್ ಎಂಬ ವೈದ್ಯರು, ನ್ಯುಮೊಕಾಕಸ್ ರಕ್ತಕ್ಕೆ ಸೇರಿದ ರೋಗಿಗಳ ಲೆಕ್ಕವನ್ನು ತೆಗೆದು ನೋಡಿದರು. ಮೊದಲ ಐದು ದಿನಗಳಲ್ಲಿ ಸತ್ತವರ ಪ್ರಮಾಣ ಪೆನಿಸಿಲಿನ್ ಕೊಟ್ಟರೂ ಹೆಚ್ಚಾಗಿ ಇಳಿದಿರಲಿಲ್ಲ. ಔಷಧ ಉಳಿಸಿದ್ದು ಅನಂತರದವರನ್ನು. ತಡವಾಗಿ ಬಂದು, ರೋಗ ಮೈಗೆಲ್ಲ ಹರಡಿದವನನ್ನು ಒಳ್ಳೆಯ ಔಷಧವೂ ಉಳಿಸಲಾರದು.

ಇದರ ಇನ್ನೊಂದು ಮಗ್ಗುಲೂ ಇದೆ. ಎಣಿಕೆ ಗಡಿಯೊಳಗಿದ್ದು ಬೇರೆ ಅಪಾಯದ ಚಿಹ್ನೆಯಿಲ್ಲದ ಕೆಮ್ಮಿನ ಮಗುವಿಗೆ ಆಂಟಿಬಯಾಟಿಕ್ ಬೇಡ. ನಮ್ಮ ಹೋಬಳಿಯ ಔಷಧದ ಅಂಗಡಿಯೊಂದರಲ್ಲಿ ಕೆಮ್ಮೆಂದರೆ ಸಾಕು, ಎರಡು ಹೊತ್ತಿನ ಮಾತ್ರೆಗಳನ್ನು ಕತ್ತರಿಸಿ ಪೊಟ್ಟಣ ಕಟ್ಟಿಕೊಡುತ್ತಾರೆ. ಹಾಳೆ ತಿರುಗಿಸಿ ನೋಡಿದರೆ ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬುದರ ಗುರುತು ಅದು, 2016ರಲ್ಲಿ ಕೇಂದ್ರ ಸರ್ಕಾರ ಇದನ್ನೇ ಜನರಿಗೆ ತಿಳಿಸಲು ಪ್ರಚಾರ ನಡೆಸಿತು. ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗಲಾರದವರು ಆ ಎರಡು ಮಾತ್ರೆಗಳನ್ನು ಕೊಳ್ಳುತ್ತಾರೆ. ಅವರನ್ನು ಮಾತ್ರ ದೂರುವುದು ಸುಲಭ. ಆದರೆ ಅರೆಪ್ರಮಾಣದ ಔಷಧ ರೋಗಾಣುವನ್ನು ಕೊಲ್ಲದೆ ಪಳಗಿಸುತ್ತದೆಂದು ಫ್ಲೆಮಿಂಗ್ 1945ರ ನೊಬೆಲ್ ಭಾಷಣದಲ್ಲಿಯೇ ಎಚ್ಚರಿಸಿದ್ದನು. 1967ರಲ್ಲಿ ಆಸ್ಟ್ರೇಲಿಯಾದಲ್ಲಿ ಒಬ್ಬ ರೋಗಿಯಿಂದ ಪೆನಿಸಿಲಿನ್ನಿಗೆ ಸುಲಭವಾಗಿ ಬಗ್ಗದ ನ್ಯುಮೊಕಾಕಸ್ ದೊರೆತುದು ವರದಿಯಾಯಿತು. ಹತ್ತು ವರ್ಷಗಳೊಳಗೆ ದಕ್ಷಿಣ ಆಫ್ರಿಕಾದಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಎದುರಿಸುವ ತಳಿ ಕಂಡಿತು. ವೈದ್ಯರು ಐದು ದಿನವೆಂದರೆ ಐದು ದಿನ ನುಂಗಬೇಕು; ಎರಡನೆಯ ದಿನ ಜ್ವರ ಬಿಟ್ಟಿತೆಂದು ಉಳಿದುದನ್ನು ಮಾಡದ ಮೇಲೆ ಎತ್ತಿಡಬಾರದು, ಮುಂದಿನ ಸಲಕ್ಕೆಂದು ನೆರೆಯವರಿಗೆ ಕೊಡಲೂಬಾರದು.

ರೋಗ ಬಾರದಂತೆ ಮಾಡುವ ದಾರಿಯೂ ಈಗ ಕೈಗೆ ಬಂದಿದೆ. ನ್ಯುಮೊಕಾಕಸ್ಸಿನ ಲಸಿಕೆಯನ್ನು 2017ರಲ್ಲಿ ನಮ್ಮ ದೇಶದ ಸರ್ಕಾರಿ ಲಸಿಕೆಗಳ ಪಟ್ಟಿಗೆ ಸೇರಿಸಿ, ಮೊದಲು ಹಿಮಾಚಲ ಪ್ರದೇಶ ಮುಂತಾದ ಕೆಲವೆಡೆ ಕೊಟ್ಟು, 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದರು. ಅದಕ್ಕೆ ಮೊದಲು ಖಾಸಗಿಯಾಗಿ ಒಂದು ಚುಚ್ಚುಮದ್ದಿಗೆ ಸಾವಿರಾರು ರೂಪಾಯಿ ಬೇಕಾಗಿದ್ದುದರಿಂದ ನಮ್ಮಂಥ ಮನೆಗಳಲ್ಲಿ ಅದರ ಹೆಸರನ್ನೂ ಕೇಳಿರಲಿಲ್ಲ. ನನ್ನ ಅಕ್ಕನ ಮಗನಿಗೆ ಹಾಕಿದಾಗ ಅಂಗನವಾಡಿಯ ಮುಂದೆ ಸಾಲು ನಿಂತಿತ್ತು. ಒಬ್ಬ ತಾಯಿ, “ಇದೊಂದು ಹೊಸದು, ಜ್ವರ ಬರ್ತದಂತೆ” ಎಂದು ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸು ಹೊರಟರು, ಅಮ್ಮ ಅವರ ಹಿಂದೆಯೇ ಮನೆಯವರೆಗೆ ನಡೆದುಹೋಗಿ ಮಾತನಾಡಿ ಕರೆತಂದರು. ಒಂದು ದಿನ ಮೈ ಬಿಸಿಯಾಗುವುದು ನಿಜ. ಲಸಿಕೆ ಕೊಡುವ ವಯಸ್ಸು ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳು. ನಮ್ಮೂರಿನಲ್ಲಿ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಕೊಡುತ್ತಾರೆ, ಹಣವಿಲ್ಲ, ತಾಯಿ ಕಾರ್ಡನ್ನು ಮಾತ್ರ ತರಬೇಕು.